ಕಾಂಟೆಕ್ಸ್ಚುವಾಲಿಟಿ, ನಾನ್‌ಲೋಕಾಲಿಟಿ: ಎರಡರ ಬುಡ ಒಂದೇ ಅಂತಾರೆ, ಹೇಗೆ?

ಕುಂಬಳೆ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ಬರುವ ಭಾನುವಾರ ನಮ್ಮೂರಿನ ವಾಚನಾಲಯದಲ್ಲಿ ಕ್ವಾಂಟಂ ಬಗ್ಗೆ ಒಂದು ಗಂಟೆ ಮಾತಾಡಲಿಕ್ಕುಂಟು. ಕನ್ನಡದಲ್ಲೇ. ಬರುವವರು ಹತ್ತನೇ ಕ್ಲಾಸಿನ ಮಕ್ಕಳು, ಕೆಲವು ನಿವೃತ್ತರು, ಮತ್ತೆ ಪೇಪರ್ ಓದಲಿಕ್ಕೆ ಬಂದು ಸಿಕ್ಕಿಬೀಳುವ ನಾಲ್ಕು ಜನ. 2022ರ ಭೌತಶಾಸ್ತ್ರದ ನೊಬೆಲ್ ಆಸ್ಪೆ, ಕ್ಲೌಸರ್, ಝೈಲಿಂಗರ್ ಮೂವರಿಗೆ ಬಂತಲ್ಲ, ಅದು ಎಂತಕ್ಕೆ ಅಂತ ಹೇಳಬೇಕಂತೆ.

ಬೆಲ್ ಅಸಮತೆಯನ್ನು, ಅಂದರೆ ಉತ್ತರಗಳು ಮೊದಲೇ ನಿಗದಿಯಾಗಿದ್ದರೆ ದೂರದೂರದ ಎರಡು ಕಣಗಳ ಉತ್ತರ ಎಷ್ಟರ ಮಟ್ಟಿಗೆ ಹೊಂದಬಹುದು ಅನ್ನುವ ಮಿತಿಯನ್ನು, ಹೇಗೋ ದಾಟಿಸಿಯೇನು. ನನಗೆ ತೊಡಕಾದದ್ದು ಕಾಂಟೆಕ್ಸ್ಚುವಾಲಿಟಿ. ಅದಕ್ಕೂ ನಾನ್‌ಲೋಕಾಲಿಟಿಗೂ ಬುಡ ಒಂದೇ ಅಂತ ಓದಿದ್ದೇನೆ. ನಾನ್‌ಲೋಕಾಲಿಟಿ ಅಂದರೆ ದೂರದೂರದ ಕಣಗಳ ಉತ್ತರ ಆ ಮಿತಿ ದಾಟಿ ಹೊಂದುವುದು. ಹೇಗೆ ಒಂದು ಅಂತ ಹೇಳಹೊರಟರೆ ಮಾತೇ ಹೊರಡುವುದಿಲ್ಲ.

ಒಂದು ಉದಾಹರಣೆ ಮಾಡಿಟ್ಟಿದ್ದೇನೆ, ನೋಡಿ. ನಾನು ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಮೀನು ಮಾರ್ಕೆಟಿನಲ್ಲಿ ಮಲಯಾಳ. ನನ್ನ ಮಾತು ಯಾವುದು ಅಂತ ಕೇಳಿದರೆ, ಎಲ್ಲಿ ಕೇಳಿದಿರಿ ಅನ್ನುವುದರ ಮೇಲೆ ಉತ್ತರ. ಕಣವೂ ಹೀಗೆಯೇ, ಅಳೆಯುವ ಸಂದರ್ಭ ನೋಡಿ ಉತ್ತರ ಕೊಡುತ್ತದೆ. ಇಷ್ಟು ಹೇಳಿದರೆ ಸಾಕಾ?

ಬದಿಯಡ್ಕ ಬಸ್ಸು:
ಸಾಕು ಮೇಷ್ಟ್ರೇ. ಕಾಸರಗೋಡಿನವರೆಲ್ಲ ಹುಟ್ಟುತ್ತಲೇ ಕ್ವಾಂಟಂ ಕಣಗಳು ಅಂತಾಯ್ತು.

ಪಯಸ್ವಿನಿ:
ಮೇಷ್ಟ್ರೇ, ಉದಾಹರಣೆ ಚಂದ ಉಂಟು, ಆದರೆ ಅದನ್ನು ಬಿಡಿ. ನಾನು ಮುಳ್ಳೇರಿಯದವಳು, ಈಗ ಬೆಂಗಳೂರಿನಲ್ಲಿ ಇದರ ಮೇಲೆಯೇ ಪಿಎಚ್‌ಡಿ ಮಾಡುತ್ತಿದ್ದೇನೆ. ಈ ಉದಾಹರಣೆಯಿಂದ ಮೊದಲು ದಾರಿ ತಪ್ಪಿದವಳು ನಾನೇ.

ನೀವು ಮಲಯಾಳದಲ್ಲಿ ಮಾತಾಡಿದ ಕೂಡಲೇ ನೀವು ಮಾರ್ಕೆಟಿನಲ್ಲಿದ್ದೀರಿ ಅಂತ ಫೋನಿನ ಆಚೆಗಿದ್ದವರಿಗೂ ತಿಳಿಯುತ್ತದೆ. ಸಂದರ್ಭ ನಿಮ್ಮ ಉತ್ತರದ ಮೇಲೆ ಅಚ್ಚೊತ್ತಿರುತ್ತದೆ. ಕ್ವಾಂಟಂನಲ್ಲಿ ಆ ಅಚ್ಚು ಕಾಣುವುದೇ ಇಲ್ಲ. ಒಂದು ಪ್ರಶ್ನೆಯನ್ನು ಯಾವ ಪ್ರಶ್ನೆಗಳ ಜೊತೆ ಸೇರಿಸಿ ಕೇಳಿದರೂ ಅದರ ಹೌದು-ಅಲ್ಲದ ಲೆಕ್ಕ ಬದಲಾಗುವುದಿಲ್ಲ. ನೂರರಲ್ಲಿ ಐವತ್ತಾಗಿದ್ದರೆ ಐವತ್ತೇ. ಬಿಡಿಬಿಡಿಯಾಗಿ ನೋಡಿದರೆ ಎಲ್ಲ ಸರಿ. ಎಲ್ಲ ಉತ್ತರಗಳನ್ನೂ ಒಂದೇ ಹಾಳೆಯಲ್ಲಿ ಬರೆದಿಡಲು ಹೊರಟಾಗ ಮಾತ್ರ ಹಾಳೆ ಹರಿಯುತ್ತದೆ.

ಇದನ್ನು ಮಾತಿನಲ್ಲಿ ಹೇಳಬೇಡಿ, ಮಾಡಿಸಿ. ನೆಲದಲ್ಲಿ ಚಾಕಿನಿಂದ ಚೌಕ ಬರೆಯಿರಿ. ಮೂರು ಅಡ್ಡಸಾಲು, ಮೂರು ಕಂಬಸಾಲು, ಒಂಬತ್ತು ಮನೆ. ಒಂದೊಂದು ಮನೆಗೂ ಒಂದು ಅಡಿಕೆ ಇಡಬಹುದು, ಇಲ್ಲ ಖಾಲಿ ಬಿಡಬಹುದು. ಯಾವ ಅಡ್ಡಸಾಲು ಎಣಿಸಿದರೂ ಅಡಿಕೆ ಸಮಸಂಖ್ಯೆ ಬರಬೇಕು, ಸೊನ್ನೆಯೂ ಸಮವೇ. ಯಾವ ಕಂಬಸಾಲು ಎಣಿಸಿದರೂ ಬೆಸ ಬರಬೇಕು. ಇಟ್ಟು ನೋಡಿ, ಆಮೇಲೆ ಮಾತಾಡುವ.

ಅಡಿಕೆ ಭಾವ:
ಮಾರಾಯ್ರೇ, ರಾತ್ರಿ ಊಟ ಬಿಟ್ಟು ಕೂತೆ. ಚಾಲಿ ಆರಿಸುತ್ತಾ ಇದ್ದೆ, ಪಟೋರ ಒಂದು ಕಡೆ, ಕೋಕ ಒಂದು ಕಡೆ. ಅದರಿಂದಲೇ ಒಂದು ಮುಷ್ಟಿ ತೆಗೆದು ಜಗಲಿಯಲ್ಲಿ ಇಟ್ಟೆ. ಎಂಟು ಮನೆ ಸರಿ ಬರುತ್ತದೆ. ಒಂಬತ್ತನೆಯದರಲ್ಲಿ ಅಡಿಕೆ ಇಟ್ಟರೆ ಅಡ್ಡ ಕೆಡುತ್ತದೆ, ತೆಗೆದರೆ ಕಂಬ ಕೆಡುತ್ತದೆ. ಇಪ್ಪತ್ತು ನಿಮಿಷ ಆಯ್ತು.

ಮನೆಯವಳು ಬಂದು ನಿಂತಲ್ಲಿಂದಲೇ ಹೇಳಿದಳು: "ಮೂರು ಸಮ ಕೂಡಿಸಿದರೆ ಸಮ, ಮೂರು ಬೆಸ ಕೂಡಿಸಿದರೆ ಬೆಸ. ಇರುವುದು ಒಂದೇ ರಾಶಿ. ಅದು ಸಮವೂ ಬೆಸವೂ ಆಗುವುದು ಹೇಗೆ? ಬನ್ನಿ, ಸಾರು ತಣ್ಣಗಾಯ್ತು."

ಪಯಸ್ವಿನಿ:
ಅಕ್ಕ ಒಂದೇ ಮಾತಿನಲ್ಲಿ ಮುಗಿಸಿದರು. ಅದಕ್ಕಿಂತ ಚಿಕ್ಕ ಪುರಾವೆ ಇಲ್ಲ.

ಈಗ ಕ್ವಾಂಟಂ ಕಡೆಯ ಕತೆ. 1990ರಲ್ಲಿ ಡೇವಿಡ್ ಮರ್ಮಿನ್ ಮತ್ತು ಆಶರ್ ಪೆರೆಸ್ ತೋರಿಸಿದ ಚೌಕ ಇದು. ಎರಡು ಕಣ ತೆಗೆದುಕೊಂಡರೆ, ಅವುಗಳ ಮೇಲೆ ಮಾಡಬಹುದಾದ ಒಂಬತ್ತು ಅಳತೆಗಳನ್ನು ಈ ಒಂಬತ್ತು ಮನೆಗಳಲ್ಲಿ ಕೂರಿಸಬಹುದು. ಪ್ರತಿ ಅಳತೆಗೂ ಎರಡೇ ಉತ್ತರ, ಅಡಿಕೆ ಉಂಟು ಅಥವಾ ಇಲ್ಲ. ಒಂದು ಅಡ್ಡಸಾಲಿನ ಮೂರು ಅಳತೆಗಳನ್ನು ಒಟ್ಟಿಗೇ ಮಾಡಬಹುದು, ಒಂದರಿಂದ ಇನ್ನೊಂದು ಕದಡುವುದಿಲ್ಲ. ಕಂಬಸಾಲಿಗೂ ಹಾಗೆಯೇ. ಅಡ್ಡಸಾಲು ಅಳೆದರೆ ಪ್ರತಿ ಸಲವೂ ಸಮ ಬರುತ್ತದೆ, ಕಂಬಸಾಲು ಅಳೆದರೆ ಪ್ರತಿ ಸಲವೂ ಬೆಸ. ಯಾವತ್ತೂ ತಪ್ಪುವುದಿಲ್ಲ.

ಹಾಗಾದರೆ ಅಳೆಯುವ ಮೊದಲೇ ಮನೆಮನೆಯಲ್ಲೂ ಅಡಿಕೆ ಇತ್ತು ಅಥವಾ ಇರಲಿಲ್ಲ ಅನ್ನುವ ಹಾಗಿಲ್ಲ. ಇದ್ದಿದ್ದರೆ ಅಕ್ಕನ ಲೆಕ್ಕ ಬಿಡುತ್ತಿರಲಿಲ್ಲ. ಇದೇ ಕಾಂಟೆಕ್ಸ್ಚುವಾಲಿಟಿ.

2009ರಲ್ಲಿ ಇನ್ಸ್‌ಬ್ರುಕ್‌ನವರು ಕ್ಯಾಲ್ಸಿಯಂ ಅಯಾನುಗಳನ್ನು ಹಿಡಿದಿಟ್ಟು ಇದನ್ನು ಅಳೆದರು. ಆರು ಸಾಲುಗಳಲ್ಲಿ ಸರಿ ಬಂದದ್ದಕ್ಕೆ ಒಂದು ಅಂಕ, ತಪ್ಪಿದ್ದಕ್ಕೆ ಒಂದು ಕಳೆ. ಅಡಿಕೆ ಇಟ್ಟು ಆಡಿದರೆ ಜಾಸ್ತಿ ಅಂದರೆ ಐದು ಸರಿ, ಒಂದು ತಪ್ಪು, ಅಂದರೆ 4. ಕ್ವಾಂಟಂ ಲೆಕ್ಕದಲ್ಲಿ 6. ಅವರಿಗೆ ಸಿಕ್ಕಿದ್ದು 5.46. 6 ಮುಟ್ಟದೆ ಹೋದದ್ದು ಉಪಕರಣದ ಕುಂದಿನಿಂದ.

ಸಂಶಯಿ:
ಒಂದು ನಿಮಿಷ. ಇದೆಲ್ಲ 1990ರ ನಂತರದ್ದಾ? ಅದಕ್ಕೆ ಮೊದಲು ಯಾರಿಗೂ ಹೊಳೆಯಲಿಲ್ವಾ?

ಪಯಸ್ವಿನಿ:
ಹೊಳೆದಿತ್ತು, ಚೌಕ ಇಷ್ಟು ಚಿಕ್ಕದಿರಲಿಲ್ಲ ಅಷ್ಟೆ. 1967ರಲ್ಲಿ ಕೋಖೆನ್ ಮತ್ತು ಸ್ಪೆಕರ್ ಅಳೆಯುವ 117 ದಿಕ್ಕುಗಳನ್ನು ಇಟ್ಟುಕೊಂಡು ಇದೇ ಮಾತನ್ನು ಸಾಧಿಸಿದರು. ಆಮೇಲೆ ಅದನ್ನು 31ಕ್ಕೆ ಇಳಿಸಿದ್ದಾರೆ. ಜಾನ್ ಬೆಲ್ ಕೂಡ 1966ರಲ್ಲಿ ಇದನ್ನು ಬರೆದಿದ್ದ. ತಮಾಷೆ ಏನೆಂದರೆ ಆ ಲೇಖನವನ್ನು ಅವನು ಬರೆದದ್ದು ಬೆಲ್ ಅಸಮತೆ ಕೊಟ್ಟ 1964ರ ಹೆಸರಾಂತ ಲೇಖನಕ್ಕಿಂತ ಮೊದಲು. ಅಚ್ಚಾದದ್ದು ಆಮೇಲೆ.

ಇನ್ನೊಂದು ಹೆಸರು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ, ಜರ್ಮನಿಯ ಗಣಿತಜ್ಞೆ ಗ್ರೇಟೆ ಹರ್ಮನ್. ಉತ್ತರಗಳು ಮೊದಲೇ ಇರಲಿಕ್ಕೆ ಸಾಧ್ಯವೇ ಇಲ್ಲ ಅಂತ 1932ರಲ್ಲಿ ಫಾನ್ ನಾಯ್‌ಮನ್ ಒಂದು ಪುರಾವೆ ಕೊಟ್ಟಿದ್ದ. ಅದರಲ್ಲಿ ಒಂದು ತೂತು ಉಂಟು ಅಂತ ಈಕೆ 1935ರಲ್ಲೇ ಬರೆದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೂವತ್ತು ವರ್ಷ ಕಳೆದು ಬೆಲ್ ಮತ್ತೆ ಅದೇ ತೂತಿಗೆ ಬೆರಳಿಟ್ಟ.

ಅರ್ಥಧಾರಿ:
ನಾನು ಬ್ಯಾಂಕಿನಲ್ಲಿದ್ದವ, ಈಗ ನಿವೃತ್ತ. ತಾಳಮದ್ದಳೆಯಲ್ಲಿ ಅರ್ಥ ಹೇಳುವ ಹುಚ್ಚು. ಗಣಿತ ನನಗೆ ದೂರ. ಆದರೆ ಅಡಿಕೆ ಮೊದಲೇ ಇರಲಿಲ್ಲ ಅನ್ನುವ ಮಾತು ನನಗೆ ಕೂಡಲೇ ಹಿಡಿಸಿತು.

ಕರ್ಣನ ಅರ್ಥ ಹೇಳಲಿಕ್ಕೆ ಕೂತಾಗ ನನ್ನ ಕಿಸೆಯಲ್ಲಿ ಬರೆದ ಚೀಟಿ ಇರುವುದಿಲ್ಲ. ಭಾಗವತರು ಪದ ಹೇಳುತ್ತಾರೆ, ಎದುರು ಕೃಷ್ಣ ಒಂದು ಮಾತು ಎಸೆಯುತ್ತಾನೆ, ಆಗ ನನ್ನ ಬಾಯಲ್ಲಿ ಉತ್ತರ ಹುಟ್ಟುತ್ತದೆ. ಅದೇ ಪದಕ್ಕೆ ನಿನ್ನೆ ಶಲ್ಯನ ಎದುರು ಬೇರೆಯೇ ಹೇಳಿದ್ದೆ. ಆದರೂ ಕತೆ ಕೆಡಲಿಲ್ಲ, ಪ್ರಸಂಗ ಮುಗಿಯುವ ಕಡೆಗೇ ಮುಗಿಯಿತು. ನಿಮ್ಮ ಕಣವೂ ಒಬ್ಬ ಅರ್ಥಧಾರಿ ಅಲ್ವಾ?

ಪಯಸ್ವಿನಿ:
ಹಿರಿಯರೇ, ಈ ಹೋಲಿಕೆ ನನಗೆ ನಿಜಕ್ಕೂ ಹಿಡಿಸಿತು. ಮೇಷ್ಟ್ರ ಭಾಷೆಯ ಉದಾಹರಣೆಗಿಂತ ಜಾಸ್ತಿ ದೂರ ಬರುತ್ತದೆ. ಒಂದು ಕಡೆ ನಿಲ್ಲುತ್ತದೆ: ಎದುರಿನವರ ಮಾತು ನಿಮ್ಮ ಕಿವಿಗೆ ಬೀಳುತ್ತದೆ. ಆ ಕಿವಿಯನ್ನು ಮುಚ್ಚಿದರೆ ಏನಾಗುತ್ತದೆ ಅನ್ನುವುದೇ ನಾನ್‌ಲೋಕಾಲಿಟಿಯ ಪ್ರಶ್ನೆ.

ಅರ್ಥಧಾರಿ:
ಕಿವಿ ಮುಚ್ಚಿದರೆ ಎಂತ ವಿಶೇಷ? ಒಂದು ಜೋಡಿ ಗೆಜ್ಜೆ. ಎಡಗಾಲಿನದ್ದು ಮಧೂರಿನಲ್ಲಿ, ಬಲಗಾಲಿನದ್ದು ಮಂಜೇಶ್ವರದಲ್ಲಿ. ಮಧೂರಿನಲ್ಲಿ ಪೆಟ್ಟಿಗೆ ತೆರೆದು ಎಡದ್ದು ಕಂಡರೆ ಮಂಜೇಶ್ವರದಲ್ಲಿರುವುದು ಬಲದ್ದು. ಅದಕ್ಕೆ ಯಾರಾದರೂ ನೊಬೆಲ್ ಕೊಡುತ್ತಾರಾ?

ಕುಂಬಳೆ ಮೇಷ್ಟ್ರು:
ಈ ಪ್ರಶ್ನೆಗೆ ನಾನು ಉತ್ತರ ಹೇಳುತ್ತೇನೆ, ಭಾನುವಾರಕ್ಕೆ ಅಭ್ಯಾಸವೂ ಆಗಲಿ.

ನೀವು ಹೇಳಿದ್ದನ್ನೇ 1935ರಲ್ಲಿ ಐನ್‌ಸ್ಟೈನ್, ಪೊಡೊಲ್ಸ್ಕಿ, ರೋಸೆನ್ ಹೇಳಿದ್ದು. ದೂರದ ಎರಡು ಕಣ ಒಂದಕ್ಕೊಂದು ಹೊಂದುವ ಉತ್ತರ ಕೊಡುತ್ತವೆ ಅಂದರೆ ಉತ್ತರ ಮೊದಲೇ ಪೆಟ್ಟಿಗೆಯಲ್ಲಿತ್ತು ಅಂತ ಅರ್ಥ, ಕ್ವಾಂಟಂ ಸಿದ್ಧಾಂತಕ್ಕೆ ಅದು ಗೊತ್ತಿಲ್ಲ ಅಷ್ಟೆ. ಒಂದೇ ಪ್ರಶ್ನೆ ಕೇಳುವವರೆಗೆ ಈ ವಾದವನ್ನು ಅಲ್ಲಾಡಿಸಲಿಕ್ಕೆ ಆಗುವುದಿಲ್ಲ. ಬೆಲ್ ಮಾಡಿದ್ದು ಪ್ರಶ್ನೆಗಳನ್ನು ಜಾಸ್ತಿ ಮಾಡಿದ್ದು.

ಇಬ್ಬರು ಅರ್ಥಧಾರಿಗಳು. ಒಬ್ಬರು ಮಧೂರಿನಲ್ಲಿ, ಒಬ್ಬರು ಮಂಜೇಶ್ವರದಲ್ಲಿ, ಫೋನ್ ಇಲ್ಲ. ಪ್ರತಿಯೊಬ್ಬರಿಗೂ ಎರಡು ಪ್ರಶ್ನೆಗಳಲ್ಲಿ ಒಂದನ್ನು ನಾಣ್ಯ ಹಾರಿಸಿ ಕೇಳುತ್ತೇವೆ. ಉತ್ತರ ಹೌದು ಅಥವಾ ಅಲ್ಲ. ಇಬ್ಬರಿಗೂ ಎರಡನೇ ಪ್ರಶ್ನೆ ಬಿದ್ದರೆ ಉತ್ತರಗಳು ಬೇರೆಬೇರೆ ಆಗಬೇಕು. ಉಳಿದ ಮೂರು ಸಂದರ್ಭಗಳಲ್ಲಿ ಒಂದೇ ಆಗಬೇಕು. ಹಿಂದಿನ ದಿನ ಕೂತು ಏನು ಬೇಕಾದರೂ ಒಪ್ಪಂದ ಮಾಡಿಕೊಳ್ಳಿ.

ಚೀಟಿ ಬರೆದು ನೋಡಿ. ಮಧೂರಿನ ಮೊದಲನೆಯದು ಮಂಜೇಶ್ವರದ ಎರಡಕ್ಕೂ ಸಮ. ಮಂಜೇಶ್ವರದ ಮೊದಲನೆಯದು ಮಧೂರಿನ ಎರಡನೆಯದಕ್ಕೂ ಸಮ. ಹಾಗೆ ಸುತ್ತಿ ಬಂದರೆ ಎರಡನೆಯದು-ಎರಡನೆಯದು ಸಮ ಆಗಲೇಬೇಕು. ಬೇರೆ ಆಗಲಿಕ್ಕೆ ಜಾಗವೇ ಇಲ್ಲ. ನಾಲ್ಕರಲ್ಲಿ ಮೂರು ಸರಿ, 75 ಶೇಕಡಾ. ಅದಕ್ಕಿಂತ ಮೇಲೆ ಯಾವ ಗೆಜ್ಜೆಯೂ ಹೋಗುವುದಿಲ್ಲ. ಎಂಟ್ಯಾಂಗಲ್ಡ್, ಅಂದರೆ ಒಂದಕ್ಕೊಂದು ಹೆಣೆದುಕೊಂಡ ಫೋಟಾನ್ (ಬೆಳಕಿನ ಕಣ) ಒಂದೊಂದು ಹಿಡಿದುಕೊಂಡು ಹೋದವರಿಗೆ ಸುಮಾರು 85.4 ಶೇಕಡಾ ಸಿಗುತ್ತದೆ. 1969ರಲ್ಲಿ ಕ್ಲೌಸರ್, ಹಾರ್ನ್, ಶಿಮೊನಿ, ಹೋಲ್ಟ್ ಬೆಲ್‌ನ ಮಾತನ್ನು ಪ್ರಯೋಗಕ್ಕೆ ಒಗ್ಗುವ ರೂಪಕ್ಕೆ ತಂದರು. ನಾನು ಹೇಳಿದ್ದು ಅದನ್ನೇ ಆಟ ಮಾಡಿ.

ಪಯಸ್ವಿನಿ, ಸರಿ ಉಂಟಾ?

ಪಯಸ್ವಿನಿ:
ಪೂರ್ತಿ ಸರಿ. "ಸುತ್ತಿ ಬಂದರೆ" ಅಂದಿರಲ್ಲ, ನೀವು ಕೇಳಿದ ಬುಡ ಅಲ್ಲೇ ಉಂಟು. ನಾಲ್ಕು ಜೋಡಿಗಳು. ಒಂದೊಂದು ಜೋಡಿಯೂ ತನ್ನಷ್ಟಕ್ಕೆ ಸರಿ. ಸುತ್ತು ಮುಗಿಸಿ ಹೊರಟಲ್ಲಿಗೆ ಬಂದಾಗ ಹೊಂದುವುದಿಲ್ಲ. ಅಡಿಕೆ ಚೌಕದಲ್ಲಿ ಆದದ್ದೂ ಇದೇ. 1982ರಲ್ಲಿ ಆರ್ಥರ್ ಫೈನ್ ಇದನ್ನು ಗಟ್ಟಿ ಮಾಡಿದ: ನಾಲ್ಕೂ ಪ್ರಶ್ನೆಗಳ ಉತ್ತರವನ್ನು ಒಂದೇ ಹಾಳೆಯಲ್ಲಿ ಬರೆಯಲು ಬರುತ್ತದೆ ಅಂದರೆ ಬೆಲ್ ಅಸಮತೆ ಮುರಿಯುವುದಿಲ್ಲ, ಅಸಮತೆ ಮುರಿಯದಿದ್ದರೆ ಹಾಳೆ ಉಂಟು. 2011ರಲ್ಲಿ ಅಬ್ರಾಮ್ಸ್ಕಿ ಮತ್ತು ಬ್ರಾಂಡೆನ್‌ಬರ್ಗರ್ ಎರಡನ್ನೂ ಒಂದೇ ಗಣಿತದ ಚೌಕಟ್ಟಿಗೆ ತಂದರು.

ನನ್ನ ಅಭಿಪ್ರಾಯ ಕೇಳಿದರೆ, ಜನ ದೂರಕ್ಕೆ ಬೆರಗಾಗುತ್ತಾರೆ, ಬೆರಗಾಗಬೇಕಾದದ್ದು ಹಾಳೆ ಇಲ್ಲದ್ದಕ್ಕೆ. ದೂರ ಬೇಕಾಗುವುದು ಸಾಕ್ಷಿಗೆ. ಒಂದೇ ಕೋಣೆಯಲ್ಲಿ ಅಳೆದರೆ, ಮೊದಲ ಅಳತೆ ಎರಡನೆಯದನ್ನು ಕದಡಿತು ಅಂತ ಯಾರಾದರೂ ತಕರಾರು ತೆಗೆಯಬಹುದು. ನಡುವೆ ಸಾಕಷ್ಟು ದೂರ ಇಟ್ಟರೆ ಆ ತಕರಾರಿಗೆ ಸಮಯವೇ ಸಿಗುವುದಿಲ್ಲ.

ನೀರ್ಚಾಲಿನವಳು:
ಅಕ್ಕಾ, ನಾನು ಎಂಜಿನಿಯರಿಂಗ್ ಎರಡನೇ ವರ್ಷ. ಇದರಿಂದ ಉಪಯೋಗ ಎಂತ? ಕ್ಲಾಸಿನಲ್ಲಿ ಕೇಳಿದರೆ "ಸಿಲೆಬಸ್‌ನಲ್ಲಿ ಇಲ್ಲ" ಅಂತಾರೆ.

ಪಯಸ್ವಿನಿ:
ಎರಡು ಹೇಳುತ್ತೇನೆ ತಂಗಿ. 1991ರಲ್ಲಿ ಆರ್ಟೂರ್ ಎಕರ್ಟ್ ಬೆಲ್ ಅಸಮತೆಯನ್ನು ಸಂದೇಶಕ್ಕೆ ಬೀಗ ಹಾಕುವ ಗುಪ್ತ ಕೀಲಿಗೆ ಬಳಸಿದ. 75 ದಾಟಿದೆ ಅಂದರೆ ಉತ್ತರ ಮೊದಲೇ ಎಲ್ಲೂ ಬರೆದಿರಲಿಲ್ಲ, ಹಾಗಾಗಿ ಕಳ್ಳ ಓದಿಕೊಳ್ಳಲಿಕ್ಕೂ ಏನೂ ಇರಲಿಲ್ಲ. ಇನ್ನೊಂದು, ಕ್ವಾಂಟಂ ಕಂಪ್ಯೂಟರ್ ಕೆಲವು ಕೆಲಸದಲ್ಲಿ ಮಾಮೂಲಿ ಕಂಪ್ಯೂಟರನ್ನು ಮೀರುವ ಬಲ ಎಲ್ಲಿಂದ ಬರುತ್ತದೆ ಅನ್ನುವ ಪ್ರಶ್ನೆ. ಒಂದು ಬಗೆಯ ಕ್ವಾಂಟಂ ಲೆಕ್ಕಾಚಾರದಲ್ಲಿ ಆ ಬಲಕ್ಕೆ ಕಾಂಟೆಕ್ಸ್ಚುವಾಲಿಟಿ ಇರಲೇಬೇಕು ಅಂತ 2014ರಲ್ಲಿ ತೋರಿಸಿದ್ದಾರೆ.

ಬದಿಯಡ್ಕ ಬಸ್ಸು:
ನನ್ನ ಅಣ್ಣ ದುಬೈಯಲ್ಲಿದ್ದಾನೆ. ಅವನ ಹತ್ತಿರ ಒಂದು ಫೋಟಾನ್, ನನ್ನ ಹತ್ತಿರ ಒಂದು. ರೀಚಾರ್ಜ್ ಇಲ್ಲದೆ ಮಾತಾಡಬಹುದಾ?

ಕುಂಬಳೆ ಮೇಷ್ಟ್ರು:
ಆಗುವುದಿಲ್ಲ ಮಾರಾಯ. ನೀನು ಯಾವ ಪ್ರಶ್ನೆ ಕೇಳಿದರೂ ಅಣ್ಣನಿಗೆ ಕಾಣುವುದು ಅರ್ಧ ಹೌದು, ಅರ್ಧ ಅಲ್ಲ. ಇಬ್ಬರ ಪಟ್ಟಿ ಒಟ್ಟಿಗೆ ಇಟ್ಟಾಗ ಮಾತ್ರ ಹೊಂದಾಣಿಕೆ ಕಾಣುತ್ತದೆ, ಪಟ್ಟಿ ಕಳಿಸಲಿಕ್ಕೆ ರೀಚಾರ್ಜ್ ಬೇಕೇ ಬೇಕು.

ಸಂಶಯಿ:
85.4 ಯಾಕೆ? ಮೊದಲೇ ಬರೆದ ಚೀಟಿ ಇಲ್ಲ ಅಂತಾದ ಮೇಲೆ 100 ಯಾಕೆ ಆಗಬಾರದು?

ಪಯಸ್ವಿನಿ:
ಈ ಚರ್ಚೆಯಲ್ಲಿ ಬಂದ ಅತ್ಯಂತ ಒಳ್ಳೆಯ ಪ್ರಶ್ನೆ. 1980ರಲ್ಲಿ ತ್ಸಿರೆಲ್ಸನ್ ಕ್ವಾಂಟಂನ ಮೇಲಿನ ಮಿತಿ ಅಷ್ಟೇ ಅಂತ ಸಾಧಿಸಿದ. 1994ರಲ್ಲಿ ಪೊಪೆಸ್ಕು ಮತ್ತು ರೋರ್ಲಿಖ್ ಒಂದು ಕಲ್ಪನೆಯ ಪೆಟ್ಟಿಗೆ ಮಾಡಿದರು. ಅದು 100 ಕೊಡುತ್ತದೆ, ಆದರೂ ಅದರಿಂದ ದುಬೈಗೆ ಸುದ್ದಿ ಕಳಿಸಲಿಕ್ಕೆ ಆಗುವುದಿಲ್ಲ. ಹಾಗಾದರೆ ಸುದ್ದಿ ಕಳಿಸಬಾರದು ಅನ್ನುವ ಕಟ್ಟಳೆಯೊಂದರಿಂದಲೇ 85ಕ್ಕೆ ನಿಂತದ್ದಲ್ಲ. ಮತ್ತೆ ಯಾವುದರಿಂದ? ಉತ್ತರಗಳು ಹಲವು ಬಂದಿವೆ, ಎಲ್ಲರೂ ಒಪ್ಪಿದ್ದು ಒಂದೂ ಇಲ್ಲ.

ಸಂಶಯಿ:
ಸರಿ. ಪ್ರಯೋಗಕ್ಕೆ ಬರುವ. ಯಾರೋ ನಾಲ್ಕು ಫೋಟಾನ್ ಎಣಿಸಿ, ಉಳಿದದ್ದು ಕಳೆದುಹೋಯಿತು ಅಂದರೆ ನಂಬಬೇಕಾ?

ಕುಂಬಳೆ ಮೇಷ್ಟ್ರು:
ಆ ತಕರಾರು ಬಹಳ ವರ್ಷ ಇತ್ತು. 1972ರಲ್ಲಿ ಫ್ರೀಡ್‌ಮನ್ ಮತ್ತು ಕ್ಲೌಸರ್ ಪ್ರಯೋಗ ಮಾಡಿದರು. 1982ರಲ್ಲಿ ಆಸ್ಪೆ, ಫೋಟಾನ್ ಹೊರಟ ಮೇಲೆ ಪ್ರಶ್ನೆ ಬದಲಾಯಿಸಿದ. ಇಂಥ ದೊಡ್ಡ ತಕರಾರುಗಳ ತೂತನ್ನು ಒಟ್ಟಿಗೆ ಮುಚ್ಚಿದ್ದು 2015ರಲ್ಲಿ. ಡೆಲ್ಫ್ಟ್‌ನವರದ್ದು ನನಗೆ ಹೆಚ್ಚು ಇಷ್ಟ. ಎರಡು ವಜ್ರದ ಚೂರು, ಒಂದೊಂದರೊಳಗೂ ಅಳೆಯಲಿಕ್ಕೆ ಒಂದು ಎಲೆಕ್ಟ್ರಾನ್, ನಡುವೆ 1.3 ಕಿಲೋಮೀಟರ್. ಬೆಳಕಿಗೆ ಅಷ್ಟು ದಾಟಲಿಕ್ಕೆ 4 ಮೈಕ್ರೋಸೆಕೆಂಡ್‌ಗಿಂತ ಸ್ವಲ್ಪ ಜಾಸ್ತಿ ಬೇಕು. ಅಷ್ಟರೊಳಗೆ ಎರಡೂ ಕಡೆ ಪ್ರಶ್ನೆ ಆರಿಸಿ, ಉತ್ತರ ಬರೆದಾಗಿತ್ತು. 220 ಗಂಟೆ ಕಾದದ್ದಕ್ಕೆ ಸಿಕ್ಕಿದ್ದು 245 ಸಲ. ನಮ್ಮ ಆಟದ 75 ಶೇಕಡಾ ಅವರ ಲೆಕ್ಕದಲ್ಲಿ 2; ಮಿತಿ 2, ಬಂದದ್ದು 2.42. ಒಂದು ಗಂಟೆಗೆ ಒಂದು ಚಿಲ್ಲರೆ! ನಮ್ಮ ಬಸ್ಸು ಪರವಾಗಿಲ್ಲ ಅನಿಸಿತು.

ಸಂಶಯಿ:
ನಾಣ್ಯ ಹಾರಿಸಿದ್ದೂ ಮೊದಲೇ ಬರೆದಿಟ್ಟದ್ದಾದರೆ? ಪ್ರಶ್ನೆ, ಉತ್ತರ ಎರಡೂ ಸೃಷ್ಟಿಯ ದಿನವೇ ನಿಗದಿಯಾಗಿದ್ದರೆ?

ಪಯಸ್ವಿನಿ:
2018ರಲ್ಲಿ ವಿಯೆನ್ನಾದವರು ಪ್ರಶ್ನೆ ಆರಿಸುವ ಕೆಲಸವನ್ನು ಬಹಳ ದೂರದ ಹೊಳೆಯುವ ಗೆಲಾಕ್ಸಿ ಕೇಂದ್ರಗಳಾದ ಕ್ವೇಸಾರ್‌ಗಳ ಬೆಳಕಿಗೆ ಬಿಟ್ಟರು. ಒಂದರ ಬೆಳಕು 780 ಕೋಟಿ ವರ್ಷ ಹಳೆಯದು, ಇನ್ನೊಂದರದ್ದು ಅದಕ್ಕಿಂತಲೂ ಹಳೆಯದು. ಆದರೂ ಅಸಮತೆ ಮುರಿಯಿತು. ಅದಕ್ಕೂ ಹಿಂದೆಯೇ ಹಂಚಿಕೆ ಆಗಿತ್ತು ಅಂತ ನೀವು ಹಟ ಹಿಡಿದರೆ ಪ್ರಯೋಗದಿಂದ ಸೋಲಿಸಲಿಕ್ಕೆ ಆಗುವುದಿಲ್ಲ, ಒಪ್ಪುತ್ತೇನೆ. ಹಾಗೆ ನೋಡಿದರೆ ಯಾವ ಔಷಧದ ಪರೀಕ್ಷೆಯನ್ನೂ ನಂಬುವ ಹಾಗಿಲ್ಲ.

ಅರ್ಥಧಾರಿ:
ಈ ಕಾಂಟೆಕ್ಸ್ಚುವಾಲಿಟಿಗೆ ಕನ್ನಡದಲ್ಲಿ ಎಂತ ಹೇಳುತ್ತೀರಿ ಮೇಷ್ಟ್ರೇ?

ಕುಂಬಳೆ ಮೇಷ್ಟ್ರು:
ನಾನು "ಸಂದರ್ಭಾವಲಂಬಿತ್ವ" ಅಂತ ಬರೆದಿದ್ದೆ. ಓದಿ ತೋರಿಸಿದಾಗ ಮಗಳು ನಕ್ಕಳು.

ಬದಿಯಡ್ಕ ಬಸ್ಸು:
ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಕೊನೆಯ ಬಸ್ಸು ಹೋಗಿರುತ್ತದೆ.

ಅರ್ಥಧಾರಿ:
ಒಟ್ಟಿಗೆ ಕೇಳುವ ಪ್ರಶ್ನೆಗಳ ಗುಂಪಿಗೆ ಕೂಟ ಅನ್ನಿ. ತಾಳಮದ್ದಳೆಗೆ ನಾವು ಕೂಟ ಅಂತಲೇ ಹೇಳುವುದು. ಉತ್ತರ ಕೂಟದಲ್ಲಿ ಹುಟ್ಟುತ್ತದೆ ಅಂದರೆ ನಮ್ಮ ಕಡೆಯ ಮುದುಕರಿಗೂ ತಲೆಗೆ ಹೋಗುತ್ತದೆ.

ಪಯಸ್ವಿನಿ:
ಕೂಟ! ನನ್ನ ಪ್ರಬಂಧ ಕನ್ನಡದಲ್ಲಿದ್ದಿದ್ದರೆ ಇದನ್ನೇ ಹಾಕುತ್ತಿದ್ದೆ.

ಕುಂಬಳೆ ಮೇಷ್ಟ್ರು:
ಭಾನುವಾರ ಮುಗಿಯಿತು. ಮಳೆ ಜೋರಿತ್ತು, ಕರೆಂಟ್ ಹೋಯಿತು, ಸ್ಲೈಡ್ ಎಲ್ಲ ದಂಡ. ಒಳ್ಳೆಯದೇ ಆಯ್ತು. ಮೇಣದ ಬತ್ತಿ ಹಚ್ಚಿ ನೆಲದಲ್ಲಿ ಚೌಕ ಬರೆದೆ, ಭಾವ ಕಳಿಸಿದ ಅಡಿಕೆ ಹಂಚಿದೆ. ಮೂವತ್ತು ಜನ ನೆಲಕ್ಕೆ ಕೂತರು.

ಒಬ್ಬ ಹುಡುಗ ಅಡಿಕೆಯನ್ನು ಹೋಳು ಮಾಡಿ ಇಟ್ಟ. ಅದರಿಂದಲೂ ಆಗಲಿಲ್ಲ, ರಾಶಿಯ ಮೊತ್ತ ಎರಡು ಕಡೆಯಿಂದ ಎಣಿಸಿದರೂ ಒಂದೇ ಅಲ್ವಾ. ಆಗ ಹಿಂದೆ ಕೂತಿದ್ದ ಒಬ್ಬ ಅಜ್ಜ ಎದ್ದು ಬಂದರು. ಎಂಟು ಮನೆ ತುಂಬಿಸಿ, ಕೊನೆಯ ಅಡಿಕೆಯನ್ನು ಒಂಬತ್ತನೇ ಮನೆಯ ಗೆರೆಯ ಮೇಲೆ ಸರಿಯಾಗಿ ನಿಲ್ಲಿಸಿದರು. "ಅಡ್ಡ ಎಣಿಸುತ್ತೀರಾದರೆ ಇದು ಒಳಗಿಲ್ಲ. ಕಂಬ ಎಣಿಸುತ್ತೀರಾದರೆ ಒಳಗುಂಟು. ಈಗ ಎಣಿಸಿ." ಎಲ್ಲರೂ ಚಪ್ಪಾಳೆ.

ಪಯಸ್ವಿನಿ, ಇದು ಮೋಸವಾ, ಉತ್ತರವಾ?

ಪಯಸ್ವಿನಿ:
ಉತ್ತರ! 1952ರಲ್ಲಿ ಡೇವಿಡ್ ಬೋಮ್ ಕಟ್ಟಿದ ಸಿದ್ಧಾಂತದ ಜೀವ ಇದೇ. ಅಲ್ಲಿ ಕಣಕ್ಕೆ ಜಾಗ ನಿಜವಾಗಿ ಉಂಟು, ಆದರೆ ಅಯಸ್ಕಾಂತದಿಂದ ಅಳೆಯುವ ಗುಣವಾದ ಸ್ಪಿನ್‌ನ ಉತ್ತರ ಕಣದೊಳಗೆ ಮಾತ್ರ ಕೂತಿರುವುದಿಲ್ಲ, ಅಯಸ್ಕಾಂತವನ್ನು ಹೇಗೆ ಇಟ್ಟಿರಿ ಅನ್ನುವುದೂ ಸೇರಿ ಉತ್ತರ ಆಗುತ್ತದೆ. ಅಜ್ಜನ ಅಡಿಕೆಯ ಹಾಗೆ, ಎಣಿಸುವ ದಿಕ್ಕು ನೋಡಿ ಒಳಗೆ ಅಥವಾ ಹೊರಗೆ.

ಇನ್ನು ನಾನ್‌ಲೋಕಾಲಿಟಿಗೆ ಒಂದೇ ಹೆಜ್ಜೆ. ಅಜ್ಜನ ಹತ್ತಿರ ಇದೇ ಆಟವನ್ನು ಎರಡು ಕೋಣೆಯಲ್ಲಿ ಆಡಿಸಿ. ಒಂದು ಕೋಣೆಯಲ್ಲಿ ಅಜ್ಜ, ಅವರಿಗೆ ಒಂದು ಅಡ್ಡಸಾಲು ಹೇಳಿ. ಇನ್ನೊಂದರಲ್ಲಿ ಅವರ ಜೊತೆಗಾರ, ಅವರಿಗೆ ಒಂದು ಕಂಬಸಾಲು. ಇಬ್ಬರೂ ತಮ್ಮ ಸಾಲು ತುಂಬಿಸಬೇಕು, ಎರಡೂ ಸಾಲು ಕೂಡುವ ಮನೆಯಲ್ಲಿ ಇಬ್ಬರದ್ದೂ ಒಂದೇ ಇರಬೇಕು. ಗೆರೆಯ ಮೇಲಿನ ಅಡಿಕೆಗೆ ಈಗ ಎರಡು ದಿಕ್ಕಿನಿಂದಲೂ ಒಟ್ಟಿಗೆ ಎಣಿಕೆ. ಒಂಬತ್ತು ಸಲದಲ್ಲಿ ಎಂಟು ಸಲ ದಾಟಬಹುದು. ಆ ಒಂದು ಮನೆ ಬಿದ್ದಾಗ ಸಿಕ್ಕಿಬೀಳುತ್ತಾರೆ. ಆಚೆಯವರಿಗೆ ಯಾವ ಸಾಲು ಸಿಕ್ಕಿತು ಅಂತ ಗೊತ್ತಾದರೆ ಮಾತ್ರ ಪಾರು. ಎರಡು ಜೋಡಿ ಎಂಟ್ಯಾಂಗಲ್ಡ್ ಕಣ ಹಂಚಿಕೊಂಡವರು ಗೋಡೆಯಾಚೆ ಏನೂ ಕೇಳದೆ ಒಂಬತ್ತಕ್ಕೆ ಒಂಬತ್ತೂ ಗೆಲ್ಲುತ್ತಾರೆ.

ಕುಂಬಳೆ ಮೇಷ್ಟ್ರು:
ಇವತ್ತು ಬೆಳಿಗ್ಗೆ ಪೇಟೆಯಲ್ಲಿ ಅಜ್ಜ ಸಿಕ್ಕಿದರು. ಎರಡು ಕೋಣೆಯ ಆಟ ಹೇಳಿದೆ. ಹೋಟೆಲಿನ ಮೇಜಿನ ಮೇಲೆ ಬೆರಳಲ್ಲಿ ಚೌಕ ಬರೆದು, ಚಹಾ ಆರುವವರೆಗೆ ಸುಮ್ನೆ ನೋಡುತ್ತಾ ಕೂತರು. ಆಮೇಲೆ ಹೇಳಿದರು: "ಗೋಡೆ ಇದ್ದರೆ ನನ್ನ ಕೈಲಿ ಆಗುವುದಿಲ್ಲ ಮೇಷ್ಟ್ರೇ. ಗೆಲ್ಲುವವರು ಯಾರಾದರೂ ಇದ್ದರೆ ಒಮ್ಮೆ ಕರಕೊಂಡು ಬನ್ನಿ, ಅಡಿಕೆ ನಾನೇ ತರುತ್ತೇನೆ."